ತೊಳೆಯಲು ಸುಲಭವಾದ ಮೊಲದ ಗೂಡು: ನೆಲ ಕಳಚಿ ಬಿಸಿಲಿಗೆ ಹಾಕುವ ವಿಧಾನ

ಮೊಲ ಸಾಕಲು ಶುರು ಮಾಡಿ ವರ್ಷದೊಳಗೆ ಬಿಟ್ಟವರನ್ನು ವಿಚಾರಿಸಿ ನೋಡಿ. ಮೇವು ಸಿಗಲಿಲ್ಲ ಅಂತ ಬಿಟ್ಟವರು ಕಡಿಮೆ. "ಮರಿ ನಿಲ್ಲಲಿಲ್ಲ ಕಣಣ್ಣ" ಅಂತಾರೆ, ಇಲ್ಲವೇ "ವಾಸನೆ ತಡೆಯೋಕಾಗಲಿಲ್ಲ, ಮನೆಯವರು ಬೈದ್ರು" ಅಂತಾರೆ. ಈ ಎರಡು ಮಾತಿಗೂ ಮೂಲ ಒಂದೇ, ಗೂಡು. ಗೂಡನ್ನು ಚೊಕ್ಕಟವಾಗಿ ಇಡಬೇಕು ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಗೂಡು ಮಾಡಿಸುವಾಗಲೇ ಅದನ್ನು ತೊಳೆಯೋದು ಹೇಗೆ ಅಂತ ಯೋಚಿಸದಿದ್ದರೆ ಆಮೇಲೆ ಎಷ್ಟು ಶ್ರದ್ಧೆ ಇದ್ದರೂ ಆಗುವುದಿಲ್ಲ. ಬೆಳಗ್ಗೆ ಹಾಲು ಕರೆದು ಡೈರಿಗೆ ಹಾಕಿ, ತೋಟಕ್ಕೆ ನೀರು ಬಿಟ್ಟು, ಮಕ್ಕಳನ್ನು ಶಾಲೆಗೆ ಕಳಿಸುವ ಮನೆಯಲ್ಲಿ ಮೊಲದ ಗೂಡಿಗೆ ಸಿಗುವುದು ದಿನಕ್ಕೆ ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಚೊಕ್ಕ ಆಗುವಂಥ ಗೂಡು ಬೇಕು.

ನಮ್ಮದು ತಿಪಟೂರು ಸೀಮೆಯ ತೆಂಗಿನ ತೋಟ. ತೋಟದ ಮೂಲೆಯಲ್ಲಿ ನಾಲ್ಕು ವರ್ಷದಿಂದ ಮೊಲ ಇವೆ, ಮಕ್ಕಳ ಆಸೆಗೆ ಎರಡು ಬಂದದ್ದು ಈಗ ಆರು ಗೂಡಿನಷ್ಟಾಗಿದೆ. ನಾನು ದೊಡ್ಡ ಫಾರಂ ಮಾಡಿದವನಲ್ಲ. ಇಲ್ಲಿ ಬರೆಯುತ್ತಿರುವುದು ಮನೆ ಮಟ್ಟಕ್ಕೆ, ಮೂರು ಗೂಡಿನ ಒಂದು ಸಾಲನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಹೇಗೆ ಮಾಡಿಸಿಕೊಳ್ಳಬಹುದು ಅನ್ನೋದರ ಲೆಕ್ಕ.

ಮರಿ ಸಾಯುವುದು ಎಲ್ಲಿಂದ ಶುರು

ಮೊದಲು ರೋಗದ ವಿಷಯ ಹೇಳಿಬಿಡುತ್ತೇನೆ. ಇದು ತಿಳಿದರೆ ಮಾತ್ರ ಗೂಡಿನ ಒಂದೊಂದು ಅಳತೆ ಯಾಕೆ ಹಾಗಿದೆ ಅಂತ ಅರ್ಥವಾಗುತ್ತದೆ.

ಪಕ್ಕದ ತೋಟದ ಅಕ್ಕ ಒಬ್ಬರು ಹಳೇ ಬಾಗಿಲಿನ ಹಲಗೆ, ರೀಪು ಸೇರಿಸಿ ಅಚ್ಚುಕಟ್ಟಾಗಿ ಗೂಡು ಮಾಡಿಸಿದ್ದರು. ನೆಲಕ್ಕೂ ಹಲಗೆ, ಮೇಲೆ ಒಣಹುಲ್ಲು. ನೋಡೋಕೆ ಚೆನ್ನಾಗಿತ್ತು. ಮೊದಲ ಸೂಲಿನ ಏಳು ಮರಿ ತಾಯಿ ಹಾಲಲ್ಲಿ ಇರುವವರೆಗೂ ದುಂಡಗೆ ಬೆಳೆದವು. ತಾಯಿ ಬಿಡಿಸಿದ ಹತ್ತು ದಿನದೊಳಗೆ ಹೊಟ್ಟೆ ಉಬ್ಬಿ, ನೀರುನೀರಾಗಿ ಹೊಟ್ಟೆ ಕೆಟ್ಟು, ಒಂದೊಂದಾಗಿ ಐದು ಹೋದವು. ಪಶು ಆಸ್ಪತ್ರೆಯಲ್ಲಿ ಹಿಕ್ಕೆ ಪರೀಕ್ಷೆ ಮಾಡಿ ಕಾಕ್ಸಿಡಿಯೋಸಿಸ್ ಅಂತ ಹೇಳಿ, ನೀರಿಗೆ ಹಾಕುವ ಔಷಧಿ ಕೊಟ್ಟರು. ಉಳಿದೆರಡು ಬದುಕಿದವು. ಎರಡನೇ ಸೂಲಿಗೆ ಮತ್ತೆ ಅದೇ ಕಥೆ. ಆಗ ಡಾಕ್ಟರು ಕೇಳಿದರಂತೆ: "ಔಷಧಿ ಮೊಲದ ಹೊಟ್ಟೆಗೆ ಕೊಟ್ರಿ, ಹಲಗೆಗೆ ಏನು ಕೊಟ್ರಿ?"

ಪ್ರಶ್ನೆ ಸರಿಯಾಗಿತ್ತು. ಕಾಕ್ಸಿಡಿಯಾ ಅನ್ನೋದು ಕಣ್ಣಿಗೆ ಕಾಣದ ಪರಾವಲಂಬಿ ಜೀವಿ. ದೊಡ್ಡ ಮೊಲಗಳು ಎಷ್ಟೋ ಸಲ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೂ ಆರೋಗ್ಯವಾಗಿಯೇ ಇರುತ್ತವೆ. ಹಿಕ್ಕೆಯ ಜೊತೆ ಅದರ ಸೂಕ್ಷ್ಮ ಕೋಶಗಳು ಹೊರಗೆ ಬೀಳುತ್ತವೆ. ಬಿದ್ದ ಗಳಿಗೆಯಲ್ಲೇ ಅವು ರೋಗ ತರುವುದಿಲ್ಲ. ತೇವ, ಬೆಚ್ಚಗಿನ ಹವೆ, ಗಾಳಿ ಸಿಕ್ಕರೆ ಒಂದೆರಡು ದಿನದಿಂದ ಮೂರ್ನಾಲ್ಕು ದಿನದೊಳಗೆ ಬಲಿತು, ಆಮೇಲೆ ಮರಿಯ ಹೊಟ್ಟೆ ಸೇರಿದರೆ ಕರುಳನ್ನೋ ಪಿತ್ತಜನಕಾಂಗವನ್ನೋ ಹಿಡಿಯುತ್ತವೆ. ಅಂದರೆ ಹಿಕ್ಕೆ ಬಿದ್ದ ದಿನವೇ ಮೊಲದ ಬಾಯಿಗೆ ಸಿಗದಷ್ಟು ದೂರ ಹೋದರೆ ಅರ್ಧ ಗೆದ್ದ ಹಾಗೆ. ಒದ್ದೆ ಹಲಗೆಯ ಸಂದಿಯಲ್ಲಿ ಕೂತರೆ ಮುಗೀತು.

ಇನ್ನೊಂದು ತೊಂದರೆ ಇದೆ. ಆ ಕೋಶದ ಸಿಪ್ಪೆ ಬಲು ಗಟ್ಟಿ. ನಾವು ನೆಲಕ್ಕೆ ಹಾಕುವ ಫಿನೈಲ್, ಬ್ಲೀಚಿಂಗ್ ಪೌಡರ್ ಇವುಗಳಿಗೆ ಅದು ಬಗ್ಗುವುದಿಲ್ಲ. ಬಗ್ಗುವುದು ಕುದಿಯುವ ನೀರಿಗೆ, ಬೆಂಕಿಗೆ, ಚೆನ್ನಾಗಿ ಒಣಗಿಸುವ ಬಿಸಿಲಿಗೆ. ಹಲಗೆಗೆ ಕುದಿಯುವ ನೀರು ಹುಯ್ದರೆ ಇನ್ನಷ್ಟು ಒದ್ದೆ, ಬೆಂಕಿ ಹಿಡಿಯುವಂತಿಲ್ಲ, ಕಳಚಿ ಬಿಸಿಲಿಗೆ ಹಾಕೋಣ ಅಂದರೆ ಮೊಳೆ ಹೊಡೆದಿದೆ. ಆದ್ದರಿಂದ ನೆಲ ಅನ್ನೋದು ಜಾಲರಿಯದ್ದಾಗಿರಬೇಕು, ಮತ್ತು ಕೈಯಲ್ಲಿ ಎಳೆದರೆ ಹೊರಗೆ ಬರಬೇಕು. ಈ ಇಡೀ ಲೇಖನ ನಿಂತಿರುವುದು ಇದರ ಮೇಲೆ.

"ಮೊಲ ತನ್ನ ಹಿಕ್ಕೆ ತಾನೇ ತಿನ್ನುತ್ತಲ್ಲ, ಅದಕ್ಕೆ ರೋಗ ಬರುತ್ತಾ?" ಅಂತ ಕೆಲವರು ಕೇಳುತ್ತಾರೆ. ಅದು ಬೇರೆ. ಮೊಲ ಎರಡು ಥರ ಹಿಕ್ಕೆ ಹಾಕುತ್ತದೆ. ಗಟ್ಟಿ ಗುಂಡು ನಾವು ನೋಡುವುದು. ಇನ್ನೊಂದು ಮೆತ್ತಗೆ, ದ್ರಾಕ್ಷಿ ಗೊಂಚಲಿನ ಹಾಗೆ ಅಂಟಂಟು. ಅದನ್ನು ಹೆಚ್ಚಾಗಿ ರಾತ್ರಿ, ಬೆಳಗಿನ ಜಾವ, ನೇರ ಗುದದಿಂದಲೇ ಬಾಯಿ ಹಾಕಿ ತಿನ್ನುತ್ತದೆ. ದನ ಮೆಲುಕು ಹಾಕಿದ ಹಾಗೆ ಅಂದುಕೊಳ್ಳಿ, ಅದರಿಂದ ಅದಕ್ಕೆ ಜೀವಸತ್ವ, ಪ್ರೋಟೀನು ಸಿಗುತ್ತದೆ. ಜಾಲರಿ ನೆಲ ಇದ್ದರೂ ಈ ಕೆಲಸಕ್ಕೆ ಅಡ್ಡಿಯಿಲ್ಲ.

ಜಾಗ ಮತ್ತು ಚಾವಣಿ

ಗೂಡಿನ ಸಾಲು ಪೂರ್ವ ಪಶ್ಚಿಮ ಉದ್ದಕ್ಕೆ ಇರಲಿ, ಆಗ ಮಧ್ಯಾಹ್ನದ ಬಿಸಿಲು ಒಳಗೆ ನುಗ್ಗುವುದು ಕಡಿಮೆ. ನಮ್ಮ ಬಯಲುಸೀಮೆಯಲ್ಲಿ ಮೊಲಕ್ಕೆ ಚಳಿ ಶತ್ರುವಲ್ಲ, ಸೆಕೆ ಶತ್ರು. ಅದಕ್ಕೆ ಬೆವರಿ ತಣಿಯಲು ಬರುವುದಿಲ್ಲ, ಕಿವಿಯ ರಕ್ತನಾಳಗಳ ಮೂಲಕವೇ ಶಾಖ ಬಿಡಬೇಕು. 30 ಡಿಗ್ರಿ ದಾಟಿದರೆ ಸಂಕಟ ಶುರು, 35ರ ಮೇಲೆ ಹೋದರೆ ಗಬ್ಬದ ಮೊಲಗಳು ಸಾಯುವುದೂ ಉಂಟು. ಏಪ್ರಿಲ್ ಮೇನಲ್ಲಿ ಗಂಡು ಬಿಟ್ಟರೂ ಗಬ್ಬ ನಿಲ್ಲದಿರುವುದಕ್ಕೆ ಸೆಕೆ ಒಂದು ಮುಖ್ಯ ಕಾರಣ. ಗಂಡಿನ ವೀರ್ಯ ಸೆಕೆಗೆ ಕೆಡುತ್ತದೆ, ತಂಪಾದ ಕೆಲವು ವಾರಕ್ಕೆ ಮತ್ತೆ ಸರಿಹೋಗುತ್ತದೆ. ಹಾಗಾಗಿ ಜಿಂಕ್ ಶೀಟಿನ ಚಾವಣಿ ಬೇಡ. ಹಾಕಿಸಿಯಾಗಿದ್ದರೆ ಅದರ ಮೇಲೆ ದಪ್ಪಗೆ ತೆಂಗಿನ ಗರಿ ಹೊದಿಸಿ. ಮಂಗಳೂರು ಹೆಂಚು ಒಳ್ಳೆಯದು, ಗರಿ ಚಪ್ಪರ ಅದಕ್ಕಿಂತ ತಂಪು. ಸೂರು ಗೂಡಿನಿಂದ ಮೂರಡಿ ಮುಂದಕ್ಕೆ ಚಾಚಿರಲಿ, ಇಲ್ಲದಿದ್ದರೆ ಮುಂಗಾರಿನ ಎರಚಲು ಗೂಡಿನೊಳಗೇ ಬರುತ್ತದೆ. ನಾಯಿ ಬಾರದ ಹಾಗೆ ಸುತ್ತ ಬೇಲಿ ಇರಲಿ. ನಾಯಿ ಗೂಡು ಮುರಿಯಬೇಕಿಲ್ಲ, ಸುತ್ತ ಓಡಾಡಿ ಬೊಗಳಿದರೆ ಸಾಕು, ಹೆದರಿದ ಮೊಲ ಗೂಡಿನೊಳಗೇ ಎಗರಿ ಬೆನ್ನು ಮುರಿದುಕೊಳ್ಳುತ್ತದೆ.

ಜಾಲರಿ ಕೊಳ್ಳುವಾಗ

ಅಂಗಡಿಯಲ್ಲಿ ಕೇಳಬೇಕಾದ್ದು ವೆಲ್ಡ್ ಮೆಶ್. ಕೋಳಿ ಗೂಡಿಗೆ ಬಳಸುವ ಆರು ಮೂಲೆಯ ತೆಳು ತಂತಿಯ ಬಲೆ ಬೇಡವೇ ಬೇಡ, ಅದು ಜೋತು ಬೀಳುತ್ತದೆ, ಪಾದ ಕೊಯ್ಯುತ್ತದೆ, ಹೆಗ್ಗಣ ಕಡಿದು ಒಳಗೆ ಬರುತ್ತದೆ. ನೆಲಕ್ಕೆ ಅರ್ಧ ಇಂಚು ಒಂದು ಇಂಚು ಕಣ್ಣಿನ, 14 ಗೇಜಿನ ಜಾಲರಿ. ಪಕ್ಕ ಮತ್ತು ಮೇಲ್ಭಾಗಕ್ಕೆ ಒಂದು ಇಂಚು ಕಣ್ಣು, 16 ಗೇಜು. ಗೇಜಿನ ನಂಬರ್ ಹೆಚ್ಚಾದಷ್ಟು ತಂತಿ ತೆಳು ಅನ್ನೋದು ನೆನಪಿರಲಿ. 14 ಅಂದರೆ ಸುಮಾರು 2 ಮಿಲಿಮೀಟರ್ ದಪ್ಪ. "18ರದ್ದು ತಗೊಳ್ಳಿ ಸಾರ್, ನಂಬರ್ ಜಾಸ್ತಿ" ಅಂತ ಹೇಳುವ ಅಂಗಡಿಯವರೂ ಇದ್ದಾರೆ, ಜೇಬಲ್ಲಿ ಸ್ಕೇಲ್ ಇಟ್ಟುಕೊಂಡು ಹೋಗಿ.

ಇನ್ನೂ ಒಂದು ಕೇಳಿ: ವೆಲ್ಡ್ ಆದ ಮೇಲೆ ಸತುವಿನ ಲೇಪ ಕೊಟ್ಟದ್ದಾ, ಮೊದಲೇ ಲೇಪ ಇದ್ದ ತಂತಿಯನ್ನು ವೆಲ್ಡ್ ಮಾಡಿದ್ದಾ? ಎರಡನೆಯದರಲ್ಲಿ ಬೆಸುಗೆಯ ಒಂದೊಂದು ಗಂಟಿನಲ್ಲೂ ಲೇಪ ಸುಟ್ಟು ಹೋಗಿರುತ್ತದೆ. ಮೊಲದ ಮೂತ್ರ ಅಲ್ಲಿಂದಲೇ ತುಕ್ಕು ಹಿಡಿಸುತ್ತದೆ. ಮೊದಲನೆಯದರಲ್ಲಿ ಗಂಟಿನ ಮೇಲೂ ಸತುವು ಕಟ್ಟಿ ಉಬ್ಬಿರುತ್ತದೆ, ಕೈಯಾಡಿಸಿದರೆ ಗೊತ್ತಾಗುತ್ತದೆ. ಅದರಲ್ಲಿ ಸತುವು ಹನಿಹನಿಯಾಗಿ ಮುಳ್ಳಿನ ಹಾಗೆ ಗಟ್ಟಿಯಾಗಿರುವುದುಂಟು. ನೆಲದ ಜಾಲರಿಯ ಮೇಲೆಲ್ಲ ಒಮ್ಮೆ ಅರ ಆಡಿಸಿ ಆ ಮುಳ್ಳು ತೆಗೆಯಿರಿ. ಈ ಕೆಲಸ ಅರ್ಧ ಗಂಟೆಯದು, ಬಿಟ್ಟರೆ ಪಾದದ ಹುಣ್ಣು ತಿಂಗಳುಗಟ್ಟಲೆ.

ಮೂರು ಗೂಡು, ಒಂದೇ ಸಾಲು

ಒಂದು ಗೂಡಿನ ಅಳತೆ 3 ಅಡಿ ಅಗಲ, 2 ಅಡಿ ಒಳಕ್ಕೆ, ಒಂದೂವರೆ ಅಡಿ ಎತ್ತರ. ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲಾದಂಥ 4ರಿಂದ 5 ಕಿಲೋ ತೂಗುವ ತಳಿಯ ಬಾಣಂತಿ ಮೊಲ, ಅದರ ಮರಿ ಪೆಟ್ಟಿಗೆ ಎರಡಕ್ಕೂ ಇಷ್ಟು ಬೇಕು. ಒಳಕ್ಕೆ 2 ಅಡಿಗಿಂತ ಹೆಚ್ಚು ಮಾಡಿಸಬೇಡಿ, ಹಿಂದಿನ ಮೂಲೆಗೆ ಕೈ ಎಟುಕುವುದಿಲ್ಲ. ಕೈ ಎಟುಕದ ಮೂಲೆ ಚೊಕ್ಕ ಆಗುವುದೂ ಇಲ್ಲ. ಮೂರು ಗೂಡು ಸೇರಿ 9 ಅಡಿ ಉದ್ದದ ಸಾಲು. ಅಂತಸ್ತಿನ ಮೇಲೆ ಅಂತಸ್ತು ಮಾಡಿದರೆ ಜಾಗ ಉಳಿಯುತ್ತದೆ ನಿಜ, ಆದರೆ ಮೇಲಿನ ಮೊಲದ ಹೊಲಸು ಕೆಳಗಿನದರ ತಲೆ ಮೇಲೆ. ಜಾಗ ಇದ್ದವರು ಒಂದೇ ಅಂತಸ್ತು ಮಾಡಿ.

ಮೂರಡಿ ಅಗಲದ ರೋಲಿನಲ್ಲಿ ಲೆಕ್ಕ ಹೀಗೆ. ಒಂದಿಂಚು ಕಣ್ಣಿನದು 25 ಅಡಿ ಬೇಕು: ಅದರಲ್ಲಿ 13 ಅಡಿಯನ್ನು ಉದ್ದುದ್ದ ಎರಡು ಸೀಳು ಮಾಡಿದರೆ ಒಂದೂವರೆ ಅಡಿ ಎತ್ತರದ 26 ಅಡಿ ಸಿಗುತ್ತದೆ, ಮುಂದೆ ಹಿಂದೆ ಸೇರಿ 18, ಎರಡು ತುದಿ ಮತ್ತು ನಡುವಿನ ಎರಡು ತಡಿಕೆಗೆ 8. ಮೇಲ್ಭಾಗಕ್ಕೆ 9 ಅಡಿ, ಅದರಲ್ಲಿ ಉಳಿಯುವ ಒಂದಡಿ ಪಟ್ಟಿ ಹುಲ್ಲಿನ ಗೂಡೆಗೆ ಆಗುತ್ತದೆ. ಉಳಿದದ್ದು ಬಾಗಿಲಿಗೆ. ನೆಲದ ಜಾಲರಿ 12 ಅಡಿ ತನ್ನಿ. ಮೂರು ಗೂಡಿಗೆ ನಾಲ್ಕು ನೆಲ, ಒಂದು ಯಾವಾಗಲೂ ಬಿಸಿಲಲ್ಲಿರುತ್ತದೆ. ಅದಕ್ಕೆ 8 ಅಡಿ ಹೋಗುತ್ತದೆ. ಮಿಕ್ಕಿದ್ದನ್ನು 4 ಇಂಚಿನ ಪಟ್ಟಿ ಕತ್ತರಿಸಿ ಗೂಡಿನ ಬುಡಕ್ಕೆ ಸುತ್ತಲೂ ಕಟ್ಟಿ. ಯಾಕಂದ್ರೆ ಮೊಲೆಗೆ ಕಚ್ಚಿಕೊಂಡು ಪೆಟ್ಟಿಗೆಯಿಂದ ಹೊರಬಿದ್ದ ಎಳೆ ಮರಿ ಒಂದಿಂಚು ಕಣ್ಣಲ್ಲಿ ನುಸುಳಿ ನೆಲಕ್ಕೆ ಬೀಳುತ್ತದೆ, ತಾಯಿ ಅದನ್ನು ಬೆಕ್ಕಿನ ಹಾಗೆ ಕಚ್ಚಿಕೊಂಡು ತಂದು ಒಳಗಿಡುವ ಜಾತಿಯಲ್ಲ.

ಚೌಕಟ್ಟಿಗೆ ಒಂದೂಕಾಲು ಇಂಚಿನ ಆಂಗಲ್, 20 ಅಡಿಯ ಮೂರು ಉದ್ದ. ಮುಂದೆ ಹಿಂದೆ 9 ಅಡಿಯ ಎರಡು, ಎರಡು ತುದಿಯಲ್ಲಿ 2 ಅಡಿಯ ಅಡ್ಡ, ಮೂರೂವರೆ ಅಡಿಯ ಆರು ಕಾಲು, ಮಿಕ್ಕಿದ್ದರಲ್ಲಿ ಅಲುಗಾಡದ ಹಾಗೆ ಓರೆ ಆಧಾರ. ಇಲ್ಲಿ ವೆಲ್ಡಿಂಗ್ ಮಾಡುವವರಿಗೆ ಪಕ್ಕದಲ್ಲೇ ನಿಂತು ಹೇಳಬೇಕಾದ ಮಾತೊಂದಿದೆ. ಅವರು ರೂಢಿಯಂತೆ ಆಂಗಲ್‌ನ ಮಲಗಿದ ಭಾಗವನ್ನು ಒಳಮುಖ ಮಾಡಿ, "ಅದರ ಮೇಲೆ ಜಾಲರಿ ಕೂರುತ್ತೆ ಬಿಡಿ" ಅಂತಾರೆ. ಬೇಡ. ಚಪ್ಪಟೆ ಇದ್ದಲ್ಲಿ ಹಿಕ್ಕೆ ಕೂರುತ್ತದೆ, ಮೂತ್ರ ನಿಲ್ಲುತ್ತದೆ, ವರ್ಷದಲ್ಲಿ ಅಲ್ಲೇ ತುಕ್ಕು. ಆಂಗಲ್‌ನ ಮಲಗಿದ ಭಾಗ ಹೊರಕ್ಕಿರಲಿ, ನಿಂತ ಭಾಗ ಕೆಳಮುಖವಾಗಿರಲಿ. ನೆಲ ಕೂರುವುದಕ್ಕೆ ಮುಂದಿನ ಆಂಗಲ್‌ನಿಂದ ಹಿಂದಿನದಕ್ಕೆ 10 ಮಿಲಿಮೀಟರಿನ ದುಂಡು ಸರಳು ಹಾಕಿಸಿ, ಗೂಡಿಗೆ ನಾಲ್ಕರಂತೆ ಹನ್ನೆರಡು. ದುಂಡನೆಯ ಸರಳಿನ ಮೇಲೆ ಏನೂ ನಿಲ್ಲುವುದಿಲ್ಲ, ಜಾರುತ್ತದೆ. ಸರಳಿನ ಮೇಲ್ಮೈ ಮುಂದಿನ ಆಂಗಲ್‌ನ ಮೇಲ್ಮೈಗೆ ಸಮ ಇರಬೇಕು, ಒಂದು ಕೂದಲು ಕೆಳಗಾದರೂ ನೆಲ ಎಳೆಯುವಾಗ ತಗುಲುತ್ತದೆ.

ಇನ್ನು ನೆಲದ ಚೌಕ. 8 ಮಿಲಿಮೀಟರ್ ಸರಳನ್ನು 35 ಇಂಚು, 24 ಇಂಚಿನ ಚೌಕವಾಗಿ ಬಗ್ಗಿಸಿ ವೆಲ್ಡ್ ಮಾಡಿಸಿ, ಅದರ ಮೇಲೆ ಜಾಲರಿ ಇಟ್ಟು ಸುತ್ತ ಕಟ್ಟುತಂತಿಯಲ್ಲೋ ಕ್ಲಿಪ್ಪಿನಲ್ಲೋ ಬಿಗಿಯಿರಿ. ಜಾಲರಿಗೆ ಎರಡು ಮುಖ ಇರುತ್ತದೆ, ಗಮನಿಸಿ ನೋಡಿ. ಒಂದು ಮುಖದಲ್ಲಿ ತಂತಿಗಳು ಅರ್ಧ ಇಂಚಿಗೊಂದು ಒತ್ತಾಗಿ ಓಡುತ್ತವೆ, ಇನ್ನೊಂದರಲ್ಲಿ ಇಂಚಿಗೊಂದು. ಒತ್ತಾಗಿರುವ ಮುಖ ಮೇಲೆ ಬರಲಿ, ಪಾದಕ್ಕೆ ಅದೇ ಹಿತ. ಕಟ್ಟಿದ ತಂತಿಯ ಮೊನೆಗಳೆಲ್ಲ ಕೆಳಕ್ಕೆ ಮಡಚಿರಬೇಕು.

ಗೂಡಿನ ಮೈ, ಅಂದರೆ ನಾಲ್ಕು ಪಕ್ಕ ಮತ್ತು ಮೇಲ್ಭಾಗ, ತಳವಿಲ್ಲದ ಡಬ್ಬಿಯ ಹಾಗೆ ಚೌಕಟ್ಟಿನ ಮೇಲೆ ನಿಲ್ಲುತ್ತದೆ. ಹಿಂದೆ ಮತ್ತು ತುದಿಗಳಲ್ಲಿ ಆಂಗಲ್‌ಗೆ ಬಿಗಿಯಾಗಿ ಕಟ್ಟಿ. ಮುಂಭಾಗದ ಜಾಲರಿಯ ಕೆಳ ಅಂಚಿಗೆ ಮಾತ್ರ 6 ಮಿಲಿಮೀಟರ್ ಸರಳು ಕಟ್ಟಿ, ಆಂಗಲ್‌ಗಿಂತ ಅರ್ಧ ಇಂಚು ಮೇಲೆ ನಿಲ್ಲಿಸಿ. ಆ ಅರ್ಧ ಇಂಚಿನ ಸಂದಿಯಲ್ಲೇ ನೆಲದ ಚೌಕ ಮೇಜಿನ ಖಾನೆಯ ಹಾಗೆ ಒಳಹೋಗಿ ಹೊರಬರುತ್ತದೆ. ಒಳಗಿದ್ದಾಗ ಸಂದಿ ತಾನೇ ಮುಚ್ಚಿಕೊಳ್ಳುತ್ತದೆ. ಮೊಲ ಒದ್ದು ಜರುಗಿಸದ ಹಾಗೆ ಮುಂದೆ ಎರಡು ಕೊಕ್ಕೆ.

ಬಾಗಿಲಿಗೆ 14 ಇಂಚು ಚೌಕದ ಕಿಂಡಿ, ಅದರ ಮೇಲೆ 16 ಇಂಚಿನ ಬಾಗಿಲು. ಸುತ್ತ ಒಂದೊಂದು ಇಂಚು ಮುಚ್ಚಿಕೊಂಡರೆ ಸಾಕು. ಕಿಂಡಿಯ ಕೆಳ ಅಂಚು ನೆಲದಿಂದ 3 ಇಂಚಾದರೂ ಮೇಲಿರಲಿ. ಕತ್ತರಿಸಿದ ತಂತಿಯ ಮೊನೆಗಳಿಗೆ ಸೀಳಿದ ಹಳೇ ಪೈಪ್ ಚೂರು ಸಿಕ್ಕಿಸಿ, ನಿಮ್ಮ ಮೊಣಕೈಗೂ ಒಳ್ಳೆಯದು ಮೊಲಕ್ಕೂ ಒಳ್ಳೆಯದು.

ಹೊಲಸು ಎಲ್ಲಿಗೆ ಹೋಗಬೇಕು

ಗೂಡಿನ ಕೆಳಗೆ ಹಿಕ್ಕೆ ರಾಶಿ ಬೀಳಲು ಬಿಟ್ಟವರೂ ಇದ್ದಾರೆ. ಹಿಕ್ಕೆ ಒಂದೇ ಬಿದ್ದರೆ ಅಷ್ಟು ವಾಸನೆ ಇಲ್ಲ, ಮೂತ್ರ ಒಂದೇ ಹರಿದು ಹೋದರೂ ಅಷ್ಟಿಲ್ಲ. ಎರಡೂ ಕಲೆತು ಕೂತಾಗ ಅಮೋನಿಯಾ ಏಳುತ್ತದೆ. ಆ ಗಾಳಿ ಮೊಲದ ಮೂಗು, ಶ್ವಾಸಕೋಶವನ್ನು ಕೆಣಕಿ ಪಾಶ್ಚುರೆಲ್ಲಾ ಥರದ ರೋಗಾಣುವಿಗೆ ದಾರಿ ಮಾಡಿಕೊಡುತ್ತದೆ. ಸೀನು, ಮೂಗಲ್ಲಿ ಕೀವು, ಮುಂಗಾಲಿನ ಒಳಭಾಗದ ಕೂದಲು ಅಂಟಂಟು, ಇವು ಅದರ ಗುರುತು. ನಿಮ್ಮ ಗೂಡಲ್ಲಿ ಅಮೋನಿಯಾ ಇದೆಯಾ ಅಂತ ತಿಳಿಯಬೇಕಾದರೆ ನಿಂತು ಮೂಸಬೇಡಿ. ಬೆಳಗ್ಗೆ ಮೊದಲ ಕೆಲಸವಾಗಿ ಬಗ್ಗಿ ಮೊಲದ ಮುಖದ ಮಟ್ಟಕ್ಕೆ ನಿಮ್ಮ ಮುಖ ತನ್ನಿ. ಕಣ್ಣು ಉರಿದರೆ ಮೊಲ ಇಡೀ ರಾತ್ರಿ ಅದನ್ನು ಕುಡಿದಿದೆ ಅಂತಲೇ ಅರ್ಥ.

ಬೇರ್ಪಡಿಸುವುದು ಕಷ್ಟವಲ್ಲ. ಗೂಡಿನ ನೆಲ ಮೂರೂವರೆ ಅಡಿ ಎತ್ತರದಲ್ಲಿದೆ ಅಲ್ಲವೇ, ಅದರ ಕೆಳಗೆ ಮುಂಭಾಗದಲ್ಲಿ 3 ಇಂಚು ಬಿಟ್ಟು, ಹಿಂದಕ್ಕೆ ಎರಡಡಿ ಇಳಿಜಾರಾಗಿ ಫ್ಲೆಕ್ಸ್ ಹಾಳೆ ಕಟ್ಟಿ. ಊರಲ್ಲಿ ಜಾತ್ರೆ, ಚುನಾವಣೆ, ಹುಟ್ಟುಹಬ್ಬ ಯಾವುದಾದರೊಂದು ಮುಗಿದಿರುತ್ತದೆ, ಹಳೇ ಫ್ಲೆಕ್ಸಿಗೆ ಬರವಿಲ್ಲ. ನಾಯಕರ ಮುಖ ಕೆಳಗೆ ಮಾಡಿ ಹಾಕಿಕೊಳ್ಳಿ, ಸುಮ್ಮನೆ ಮಾತಿಗೆ ಕಾರಣ ಬೇಡ. ಎರಡಡಿ ಒಳಕ್ಕೆ ಎರಡಡಿ ಇಳಿದರೆ ಹಿಕ್ಕೆ ತಾನೇ ಉರುಳುತ್ತದೆ, ಇದಕ್ಕಿಂತ ಕಡಿಮೆ ಇಳಿಜಾರಿನಲ್ಲಿ ಅಲ್ಲಲ್ಲೇ ಅಂಟುತ್ತದೆ. ಸುಕ್ಕಿಲ್ಲದಂತೆ ಎಳೆದು ಕಟ್ಟಬೇಕು. ಕೆಳ ತುದಿ ನೆಲದಿಂದ ಸುಮಾರು 15 ಇಂಚು ಎತ್ತರಕ್ಕೆ ಬರುತ್ತದೆ. ಅಲ್ಲಿ 4 ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ದೋಣಿ ಮಾಡಿ, ಬಾಯಿ ಮೇಲೆ ಜಾಲರಿಯ ಚೂರನ್ನು ಓರೆಯಾಗಿ ಹೊದಿಸಿ. ಮೂತ್ರ ಜಾಲರಿ ದಾಟಿ ದೋಣಿಗೆ, ಹಿಕ್ಕೆ ಅದರ ಮೇಲೆ ಉರುಳಿ ಆಚೆ ಇಟ್ಟ ಮಂಕರಿಗೆ. ಇದಕ್ಕೆ ಅರ್ಧ ಇಂಚು ಕಣ್ಣಿಗಿಂತ ಸಣ್ಣದು ಬೇಕು, ಸೊಳ್ಳೆ ಪರದೆಯಷ್ಟು ಸಣ್ಣದು ಬೇಡ. ದೋಣಿಯ ಒಂದು ತುದಿ ಸ್ವಲ್ಪ ತಗ್ಗಿಸಿ ಅಲ್ಲೊಂದು ಕೊಡ ಇಡಿ. ನೂರಕ್ಕೆ ನೂರು ಬೇರೆ ಆಗುವುದಿಲ್ಲ, ಆದರೆ ಮನೆಯವರು ಬೈಯುವುದು ನಿಲ್ಲುವಷ್ಟು ಆಗುತ್ತದೆ.

ಮೊಲಕ್ಕೆ ಒಂದೇ ಮೂಲೆಯಲ್ಲಿ ಉಚ್ಚೆ ಹೊಯ್ಯುವ ಬುದ್ಧಿ ಇದೆ. ಮೇವು, ನೀರು ಎರಡನ್ನೂ ಮುಂದೆಯೇ ಕಟ್ಟಿದರೆ ಸಾಮಾನ್ಯವಾಗಿ ಅದು ಹಿಂದಿನ ಮೂಲೆ ಹಿಡಿಯುತ್ತದೆ. ಆ ಮೂಲೆ ದೋಣಿಯ ಹತ್ತಿರವೇ ಇರುವುದರಿಂದ ಫ್ಲೆಕ್ಸಿನ ಮೇಲೆ ಹರಿಯುವ ದೂರವೂ ಕಡಿಮೆ.

ಕಾಲಿನ ಕೆಳಗೆ ಒಂದೊಂದು ಬಟ್ಟಲು ಇಟ್ಟು ನೀರು ಹಾಕಿ, ಮೇಲೆ ನಾಲ್ಕು ಹನಿ ಹಳೇ ಎಂಜಿನ್ ಎಣ್ಣೆ ಬಿಡಿ. ಇರುವೆ ಹತ್ತುವುದಿಲ್ಲ, ಸೊಳ್ಳೆಯೂ ಮೊಟ್ಟೆ ಇಡುವುದಿಲ್ಲ. ಕಣ್ಣು ಬಿಡದ, ಕೂದಲಿಲ್ಲದ ಮರಿಗೆ ಕೆಂಪಿರುವೆ ಮುತ್ತಿದರೆ ಬೆಳಗಾಗುವಷ್ಟರಲ್ಲಿ ಏನೂ ಉಳಿಯುವುದಿಲ್ಲ.

ಒಳಗಿನ ಸಾಮಾನು

ನೀರಿಗೆ ನಿಪ್ಪಲ್ ಹಾಕಿ. ಬಟ್ಟಲು ಮಗುಚುತ್ತದೆ, ನೆಲ ಒದ್ದೆ ಮಾಡುತ್ತದೆ, ಅದರಲ್ಲೇ ಹಿಕ್ಕೆ ಬೀಳುತ್ತದೆ. ಹುಲ್ಲಿನ ಗೂಡೆ ಹೊರಗೆ ತೂಗಿರಲಿ, ಮೊಲ ಎಳೆದೆಳೆದು ತಿನ್ನಲಿ. ಕತ್ತರಿಸಿದ ಹಸಿ ಸೊಪ್ಪನ್ನು ಒಂದು ಹೊತ್ತು ಬಾಡಿಸಿ ಹಾಕಿ.

ಜಾಲರಿ ನೆಲಕ್ಕೆ ಒಂದು ಕೊರತೆ ಇದೆ, ಮುಚ್ಚಿಡುವುದಿಲ್ಲ. ತೂಕದ ಮೊಲ ಸದಾ ತಂತಿಯ ಮೇಲೇ ಕೂತರೆ ಹಿಂಗಾಲಿನ ಹಿಮ್ಮಡಿ ಕೂದಲು ಉದುರಿ ಹುಣ್ಣಾಗುತ್ತದೆ. ಅದಕ್ಕೆ ಗೂಡಿನ ಮುಂಭಾಗದ ಒಂದು ಬದಿಗೆ ಒಂದಡಿ ಚೌಕದ ವಿಶ್ರಾಂತಿ ಜಾಗ ಕೊಡಿ. ಮಳೆ, ಚಳಿಗಾಲಕ್ಕೆ ಮರದ ಹಲಗೆ, ಬೇಸಿಗೆಗೆ ಮನೆ ಕಟ್ಟುವಾಗ ಉಳಿದ ಟೈಲ್ಸ್ ಅಥವಾ ಕಡಪ ಕಲ್ಲಿನ ಚೂರು. ತಣ್ಣಗಿನ ಕಲ್ಲಿನ ಮೇಲೆ ಹೊಟ್ಟೆ ಹಚ್ಚಿ ಮಲಗುವುದನ್ನು ನೋಡಿದರೆ ನಮಗೇ ನಿದ್ದೆ ಬರುತ್ತದೆ. ಹಲಗೆಯಾದರೆ ಗೂಡಿಗೆ ಎರಡಿರಲಿ, ದಿನ ಬಿಟ್ಟು ದಿನ ಬದಲಿಸಿ ಬಿಸಿಲಿಗೆ ಹಾಕಬೇಕು. ಅದೇ ಹಲಗೆ ಅಲ್ಲವೇ ಪಕ್ಕದ ತೋಟದಲ್ಲಿ ತೊಂದರೆ ಕೊಟ್ಟದ್ದು ಅಂದರೆ, ಹೌದು. ಅಲ್ಲಿ ಅದಕ್ಕೆ ಮೊಳೆ ಹೊಡೆದಿತ್ತು, ಇಲ್ಲಿ ಅದು ಕೈಯಲ್ಲಿ ಎತ್ತುವ ವಸ್ತು.

ಮರಿ ಪೆಟ್ಟಿಗೆ 18 ಇಂಚು ಉದ್ದ, 10 ಅಗಲ, 10 ಎತ್ತರ. ಮುಂದಿನ ಗೋಡೆ 6 ಇಂಚು ಸಾಕು, ತಾಯಿ ಎಗರಿ ಹೋಗುವುದಕ್ಕೆ. ಉದ್ದುದ್ದ ತೂರಿಸಿದರೆ 14 ಇಂಚಿನ ಕಿಂಡಿಯಲ್ಲಿ ಸಲೀಸಾಗಿ ಹೋಗುತ್ತದೆ. ತಳಕ್ಕೂ ಜಾಲರಿಯೇ, ಅದರ ಮೇಲೆ ರಟ್ಟು, ರಟ್ಟಿನ ಮೇಲೆ ಮೆತ್ತನೆಯ ಒಣಹುಲ್ಲು. ಒಂದು ಸೂಲಾದ ಮೇಲೆ ರಟ್ಟು ಗೊಬ್ಬರಕ್ಕೆ. ಮನೆಯಲ್ಲಿ ಬೇಕಾದಷ್ಟಿದೆ ಅಂತ ತೆಂಗಿನ ನಾರು ಹಾಕಬೇಡಿ, ಉದ್ದ ಎಳೆ ಮರಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಮೊಲ ಗಬ್ಬ ಕಟ್ಟಿದ 30ರಿಂದ 32 ದಿನಕ್ಕೆ ಈಯುತ್ತದೆ, ಪೆಟ್ಟಿಗೆಯನ್ನು 27, 28ನೇ ದಿನ ಇಡಿ. ಬೇಗ ಇಟ್ಟರೆ ಅದನ್ನೇ ಕಕ್ಕಸು ಮಾಡಿಕೊಳ್ಳುತ್ತದೆ. ತಾಯಿ ದಿನಕ್ಕೆ ಒಂದೆರಡು ಸಲ, ಕೆಲವೇ ನಿಮಿಷ ಹಾಲೂಡಿಸಿ ಹೊರಗೆ ಬಂದುಬಿಡುತ್ತದೆ, ಮರಿ ಬಿಟ್ಟಿದೆ ಅಂತ ಗಾಬರಿ ಬೇಡ.

ದಿನದ, ವಾರದ ಕೆಲಸ

ಬೆಳಗ್ಗೆ ಮೇವು ಹಾಕುವಾಗಲೇ ಗಡುಸು ಬ್ರಷ್ಷಿನಿಂದ ಹಿಂದಿನ ಮೂಲೆಯ ಜಾಲರಿ ಒಮ್ಮೆ ಉಜ್ಜಿ, ಫ್ಲೆಕ್ಸಿನ ಮೇಲೆ ಒಂದು ಚೆಂಬು ನೀರು ಹರಿಸಿ, ಮಂಕರಿ ಗುಂಡಿಗೆ ಸುರಿಯಿರಿ. ಮೂರು ಗೂಡಿಗೆ ಹತ್ತು ನಿಮಿಷ ಹಿಡಿಯುವುದಿಲ್ಲ.

ನೆಲ ಬದಲಿಸುವ ಕೆಲಸ ಸರದಿಯ ಮೇಲೆ. ಎರಡು ದಿನಕ್ಕೊಂದು ಗೂಡು ಅಂತ ಇಟ್ಟುಕೊಂಡರೆ ವಾರದೊಳಗೆ ಮೂರೂ ಆಗುತ್ತದೆ. ಮೊಲವನ್ನು ಬುಟ್ಟಿಗೆ ಬಿಡಿ (ಕಿವಿ ಹಿಡಿದು ಎತ್ತಬೇಡಿ, ಒಂದು ಕೈ ಎದೆಗೆ, ಒಂದು ಕೈ ಕುಂಡಿಗೆ ಆಧಾರ), ಕೊಳೆ ನೆಲ ಎಳೆದು, ಬಿಸಿಲಲ್ಲಿದ್ದ ನೆಲ ತೂರಿಸಿ. ಎಳೆದದ್ದನ್ನು ಉಜ್ಜಿ ತೊಳೆದು, ಕುದಿಯುವ ನೀರು ಹುಯ್ದು ಬಿಸಿಲಿಗೆ ಒರಗಿಸಿ. ಪೆಟ್ಟಿಗೆಯಲ್ಲಿ ಎಳೆ ಮರಿ ಇದ್ದಾಗ ಮೊದಲು ಪೆಟ್ಟಿಗೆ ಹೊರಗೆ ತೆಗೆದು ನೆರಳಲ್ಲಿಡಿ.

ಜಾಲರಿಯ ಮೇಲೆ ಸುಣ್ಣದ ಹಾಗೆ ಬಿಳೀ ಪದರ ಕಟ್ಟುತ್ತದೆ. ಮೊಲದ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು, ಅದು ಆ ಕಾರಣಕ್ಕೆ. ಸೋಪಿಗೆ ಹೋಗುವುದಿಲ್ಲ, ಹುಳಿಗೆ ಹೋಗುತ್ತದೆ. ವಿನೆಗರ್ ಹಚ್ಚಿ ಅರ್ಧ ಗಂಟೆ ಬಿಟ್ಟು ಉಜ್ಜಿ. ನಮ್ಮಲ್ಲಿ ಹುಣಸೆಹಣ್ಣಿನ ಚರಟವನ್ನೇ ನೆನೆಸಿ ಉಜ್ಜುತ್ತೇವೆ, ಹಿತ್ತಾಳೆ ಪಾತ್ರೆ ಬೆಳಗಿದ ಹಾಗೇ. ಆಮೇಲೆ ನೀರಲ್ಲಿ ಚೆನ್ನಾಗಿ ತೊಳೆಯಬೇಕು, ಹುಳಿ ಉಳಿದರೆ ಸತುವನ್ನೂ ತಿನ್ನುತ್ತದೆ.

ಬ್ಲೀಚಿಂಗ್ ಪೌಡರಿನ ಬಗ್ಗೆ ಒಂದು ಎಚ್ಚರಿಕೆ. ಬೇರೆ ರೋಗಾಣುಗಳಿಗೆ ಅದು ಒಳ್ಳೆಯದೇ. ಆದರೆ ಮೂತ್ರ ಇರುವ ನೆಲಕ್ಕೆ ನೇರ ಹಾಕಿದರೆ ಅಮೋನಿಯಾ ಜೊತೆ ಸೇರಿ ಎದೆ ಹಿಡಿಯುವ ವಿಷದ ಗಾಳಿ ಬರುತ್ತದೆ, ವಿನೆಗರ್ ಜೊತೆ ಸೇರಿದರೆ ಕ್ಲೋರಿನ್ ಗಾಳಿ. ಮೊದಲು ನೀರಲ್ಲಿ ತೊಳೆದು, ಆಮೇಲೆ ಮೊಲ ಇಲ್ಲದ ಕಡೆ, ಬಯಲಲ್ಲಿ ಬಳಸಿ. ಹುಳಿ ಹಾಕಿದ ದಿನ ಬ್ಲೀಚಿಂಗ್ ಬೇಡ.

ತಿಂಗಳಿಗೊಮ್ಮೆ, ಮತ್ತು ಪ್ರತಿ ಸೂಲಿನ ಮರಿ ಬಿಡಿಸಿದ ಮೇಲೆ, ಪೂರಾ ಗೂಡು ಖಾಲಿ ಮಾಡಿ ಬೆಂಕಿ ತೋರಿಸಿ. ವೆಲ್ಡಿಂಗ್ ಅಂಗಡಿಯಲ್ಲಿ ಬ್ಲೋ ಲ್ಯಾಂಪ್ ಬಾಡಿಗೆಗೆ ಸಿಕ್ಕರೆ ಸರಿ. ಜಾಲರಿಗೆ ಅಂಟಿದ ಕೂದಲೆಲ್ಲ ಉರಿದು ಹೋಗುತ್ತದೆ. ಕಣ್ಣಿ ಕಣ್ಣಿಗೂ ಅಂಟುವ ಈ ಕೂದಲಿಗೇ ಹಿಕ್ಕೆ ಹಿಡಿದು ನಿಲ್ಲುವುದು. ಮೊದಲು ಫ್ಲೆಕ್ಸ್ ಬಿಚ್ಚಿ, ಮೇಲೆ ಗರಿ ಚಪ್ಪರ ಇದ್ದರೆ ನೆಲದ ಚೌಕಗಳನ್ನು ಬಯಲಿಗೆ ತಂದೇ ಈ ಕೆಲಸ ಮಾಡಿ. ಜ್ವಾಲೆ ಒಂದೇ ಕಡೆ ನಿಲ್ಲಿಸಬಾರದು, ಸತುವಿನ ಲೇಪ ಸುಟ್ಟರೆ ಅದರ ಹೊಗೆಯೂ ಒಳ್ಳೆಯದಲ್ಲ. ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ನಿಂತುಕೊಳ್ಳಿ.

ಮೊಲ ಎಲ್ಲಿಂದ ತರುವುದು ಅಂತ ಕೇಳುವವರಿಗೆ: ಕೊಡೈಕೆನಾಲ್ ಹತ್ತಿರದ ಮನ್ನವನೂರಿನಲ್ಲಿ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರವಿದೆ, ಅಲ್ಲಿ ತಳಿ ಮೊಲಗಳನ್ನು ರೈತರಿಗೆ ಕೊಡುತ್ತಾರೆ. ಹತ್ತಿರದ ಪಶುವೈದ್ಯರನ್ನೂ ವಿಚಾರಿಸಿ. "ಹತ್ತು ಮೊಲ ನಮ್ಮಿಂದ ತಗೊಳ್ಳಿ, ಮರಿಯನ್ನೆಲ್ಲ ನಾವೇ ಕೊಳ್ಳುತ್ತೇವೆ" ಅಂತ ಬಾಂಡ್ ಪೇಪರ್ ಹಿಡಿದು ಬರುವವರ ಬಳಿ ದುಡ್ಡು ಕೊಡುವ ಮೊದಲು, ಅವರು ಮರಿ ಕೊಂಡುಕೊಂಡ ನಾಲ್ಕು ಜನರ ಮನೆಗೆ ಹೋಗಿ ಬನ್ನಿ. ಹೊಲದಲ್ಲಿ ಸಿಕ್ಕ ಕಾಡುಮೊಲದ ಮರಿ ತಂದು ಸಾಕುವುದು ಮಾತ್ರ ಬೇಡ, ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ.

ಹೊಸ ಮೊಲ ಬಂದ ಕೂಡಲೇ ಸಾಲಿಗೆ ಸೇರಿಸದೆ ಎರಡು ವಾರ ಬೇರೆ ಕಡೆ ಇಟ್ಟು ಕಿವಿಯೊಳಗೆ, ಮೂಗಿನ ತುದಿ, ಉಗುರಿನ ಬುಡದಲ್ಲಿ ಕಜ್ಜಿ ಹಕ್ಕಳೆ ಇದೆಯಾ ನೋಡಿ. ಇದ್ದರೆ ಡಾಕ್ಟರಿಗೆ ತೋರಿಸಿ, ಕೈಗೆ ಗ್ಲೌಸ್ ಹಾಕಿಕೊಳ್ಳಿ, ಆ ಕಜ್ಜಿ ಮನುಷ್ಯರಿಗೂ ತುರಿಕೆ ಕೊಡುತ್ತದೆ.

ಪಕ್ಕದ ತೋಟದ ಅಕ್ಕ ಹೋದ ದೀಪಾವಳಿ ಹೊತ್ತಿಗೆ ಇದೇ ಅಳತೆಯ ಸಾಲು ಮಾಡಿಸಿದರು. ಹಳೇ ಗೂಡಿನ ಹಲಗೆ ಬಚ್ಚಲ ಒಲೆಗೆ ಹೋಯಿತು. ಆಮೇಲಿನ ಎರಡು ಸೂಲಿನಲ್ಲಿ ಹದಿಮೂರು ಮರಿ, ತಾಯಿ ಬಿಡಿಸಿದ ಮೇಲೆ ಹೋದದ್ದು ಒಂದು. ಈಗ ಅವರ ತಕರಾರು ಬೇರೆ, ದೋಣಿಯಲ್ಲಿ ಬರುವ ಮೂತ್ರಕ್ಕೆ ಹತ್ತು ಪಾಲು ನೀರು ಬೆರೆಸಿ ಬದನೆ ಗಿಡಕ್ಕೆ ಹಾಕುತ್ತಿದ್ದಾರೆ, ಮೂರು ಗೂಡಿನದು ಸಾಲುತ್ತಿಲ್ಲವಂತೆ.